ನೀಲಿ ಅಂಗಿಯ ಬೀಗತಿ

ನಮ್ಮ ಮೊಮ್ಮಗಳ ಮದುವೆ ಗೊತ್ತಾಯಿತು! ಹುಡುಗ ಕೊಲ್ಲಾಪುರದವನು, ಬ್ಯಾಂಕಿನಲ್ಲಿ ನೌಕರಿ, ನಗುಮುಖ. ನನ್ನ ಕಾಲು ನೆಲಕ್ಕೆ ಹತ್ತುತ್ತಿಲ್ಲ. ಆದರೆ ಈ ಹೋಳಿಗೆಯಲ್ಲಿ ಒಂದು ಕಲ್ಲಿದೆ. ಮದುವೆ ಕೂಡಿಸಿದವಳು ನಾನಲ್ಲ, ನನ್ನ ಬೀಗತಿ, ಅಂದರೆ ಮಗಳ ಅತ್ತೆ! ಆಕೆಯ ತಲೆಯೊಳಗೆ ಇರುವುದು ಮಿದುಳಲ್ಲ, ಫುಟ್‌ಬಾಲ್ ಎಂದು ನಾನಂದರೆ, ಹೊಟ್ಟೆಕಿಚ್ಚು ಅನ್ನುತ್ತೀರಿ. ಅನ್ನಿರಿ. ಇದೆ, ಕಿಚ್ಚು!

ಆಕೆಯ ತವರು ಕೊಲ್ಲಾಪುರ. ಅಲ್ಲಿ ಪೇಟೆಗೊಂದು ಫುಟ್‌ಬಾಲ್ ತಂಡ; ಆಕೆಯ ಪೇಟೆಯದು ನೀಲಿ ಅಂಗಿ. ನಿಪ್ಪಾಣಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಪಂದ್ಯದ ದಿನ ಇಳಕಲ್ ಸೀರೆಯ ಮೇಲೆ ನೀಲಿ ಅಂಗಿ ತೊಟ್ಟು ಬಸ್ ಹತ್ತುತ್ತಾಳೆ! ಒಮ್ಮೆ ಮೊಮ್ಮಗಳ ಜೊತೆ ನನ್ನನ್ನೂ ಎಳೆದುಕೊಂಡು ಹೋದಳು. ಆಟದ ನಡುವೆ ಎದ್ದು ನಿಂತು "ಫೌಲ್! ಫೌಲ್!" ಎಂದು ಅರಚಿದಳು. ನನ್ನ ಕಿವಿಗೆ ಅದು ಫಾಲ್ ಎಂದು ಬಿತ್ತು. ಗಾಬರಿಯಾಗಿ ಬಗ್ಗಿ ಸೀರೆಯ ಅಂಚು ನೋಡಿಕೊಂಡೆ.

"ಎಲ್ಲಿ ಬಿಚ್ಚೈತ್ರಿ ಬೀಗರ? ನಿನ್ನೆರ ಹಚ್ಚಿಸೀನಿ!"

"ಅಯ್ಯ, ನಿಮ್ಮದಲ್ರಿ! ಆ ಹಳದಿ ಅಂಗ್ಯಾಂವಂದು!"

"ಅಂವಾ ಯಾವಾಗ ಸೀರಿ ಉಟ್ಟಾನ್ರಿ?"

ಸುತ್ತಲಿದ್ದವರೆಲ್ಲ ನಕ್ಕರು. ಮೊಮ್ಮಗಳೂ ಬಿದ್ದು ಬಿದ್ದು ನಕ್ಕಳು. ಬಿದ್ದದ್ದಾದರೂ ಯಾರ ತೊಡೆಯ ಮೇಲೆ? ಆಕೆಯ ತೊಡೆಯ ಮೇಲೆ! ಮೊಮ್ಮಗಳಿಗೆ ಆಕೆ ಬರೀ "ಆಯಿ". ನಾನು ಊರಿನ ಹೆಸರು ಹಚ್ಚಿಕೊಂಡ "ದಿಗ್ಗೇವಾಡಿ ಆಯಿ". ನಾನೇನು ಅಜ್ಜಿಯೋ, ಬಸ್ಸಿನ ಬೋರ್ಡೋ?

ಇಂಥ ಮನೆಯ ಹುಡುಗಿ ಮನಸ್ಸು ಕೊಟ್ಟದ್ದು ಎದುರಾಳಿ ಹಳದಿ ಪೇಟೆಯ ಹುಡುಗನಿಗೆ! ಬೀಗತಿ ಸಿಡಿದಳು: "ಹಳದಿ ಮನಿಗೆ ಹೆಣ್ಣ ಕೊಡಾಂಗಿಲ್ಲ!" ಆ ಮನೆಯಲ್ಲಿ ಆಕೆಯ ಮಾತು ದಾಟುವವರಿಲ್ಲ. ಮೊಮ್ಮಗಳು ಸೊರಗಿದಳು. ನಾನು ನಿಪ್ಪಾಣಿಗೆ ಹೋಗಿ ಹೋಗಿ ಕೈಮುಗಿದೆ, ಕಣ್ಣೀರು ಹಾಕಿದೆ, ಕೊಕಟನೂರ ಎಲ್ಲಮ್ಮನಿಗೆ ಹರಕೆ ಹೊತ್ತೆ. ಎಂಟು ತಿಂಗಳು! ಕಲ್ಲು ಅಲ್ಲಾಡಲಿಲ್ಲ.

ಕ್ರಿಸ್‌ಮಸ್ ದಿನವೂ ನಾನು ಅಲ್ಲೇ ಇದ್ದೆ; ಮಧ್ಯಾಹ್ನ ಟಿವಿಯಲ್ಲಿ ಹಿಂದಿ ಮಾತಾಡುವ ಬಿಳಿಯರ ಸಿನಿಮಾ ಬಂತು. ಹಿಮ ಸುರಿಯುತ್ತಿದೆ. ಹುಡುಗಿಯ ಮನೆಯವರು ಒಂದು ಫುಟ್‌ಬಾಲ್ ತಂಡದ ಭಕ್ತರು, ಹುಡುಗನ ಮನೆಯವರು ಇನ್ನೊಂದರವರು. ಬೀಗತಿ ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊನೆಗೆ ಮಿಣಮಿಣ ದೀಪದ ಗಿಡದ ಮುಂದೆ ಹುಡುಗಿಯ ಅಪ್ಪ, ಎದುರಾಳಿ ತಂಡದ ಶಾಲನ್ನು ತಾನೇ ಅಳಿಯನ ಕೊರಳಿಗೆ ಸುತ್ತಿ ಕಣ್ಣೊರೆಸಿಕೊಂಡ. ಇತ್ತ ಬೀಗತಿ ಗೊಳೋ ಎಂದು ಅತ್ತಳು!

"ಕರೀರಿ ಹಳದಿಯವರನ್ನ," ಅಂದಳು ಮೂಗು ಒರೆಸಿಕೊಂಡು.

ಎದುರಿಗೇ ಕೂತು ಎಂಟು ತಿಂಗಳು ಅತ್ತ ನಾನು ಕಾಣಲಿಲ್ಲ. ಏಳು ಸಮುದ್ರದಾಚೆಯ ಯಾವನೋ ಬೀಗ ಕಂಡ! ಮೊಮ್ಮಗಳು ಓಡಿ ಆಕೆಯ ಕೊರಳಿಗೇ ಜೋತುಬಿದ್ದಳು. ಹರಕೆ ಹೊತ್ತವಳು ಗೋಡೆಗೆ ಒರಗಿ ನೋಡಿದೆ.

ಇವತ್ತು ಗಂಡಿನವರು ಬಂದು ಕುಂಕುಮ ಹಚ್ಚಿ ಹೋದರು. ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ನಾನು ಸರಸರ ಹೋಗಿ ಮೊಮ್ಮಗಳ ಮಗ್ಗುಲಿನ ಜಾಗ ಹಿಡಿದೆ. ಗೆದ್ದೆ! ಬೀಗತಿ ಜಗಳಾಡಲಿಲ್ಲ. ನನ್ನ ಇನ್ನೊಂದು ಮಗ್ಗುಲಿಗೆ ಕೂತಳು. ಅನ್ನಕ್ಕೆ ಕೈ ಹಚ್ಚಲಿಲ್ಲ.

"ಯಾಕ್ರಿ, ಉಣವಲ್ರಿ?"

"ಬೀಗರ," ಅಂದಳು ತಟ್ಟೆ ನೋಡುತ್ತ, ನನಗಷ್ಟೇ ಕೇಳುವ ಹಾಗೆ, "ಈಕಿ ಹೋದ ಮ್ಯಾಲ ನನ್ನ ಕೂಡ ಮ್ಯಾಚ್ ಯಾರ ನೋಡ್ತಾರ?"

ನನ್ನ ಕಿಚ್ಚು ಎಲ್ಲಿ ಹೋಯಿತೋ! ಹೋಳಿಗೆ ಮುರಿದು ಆಕೆಯ ಬಾಯಿಗಿಟ್ಟೆ.

"ನಾ ಬರ್ತೀನ್ರಿ. ಮದ್ಲ ಉಣ್ರಿ."

ಆಕೆ ತುಂಬಿದ ಬಾಯಲ್ಲೇ ತುಪ್ಪದ ಗಿಂಡಿ ಎತ್ತಿ ನನ್ನ ತಟ್ಟೆಗೆ ಸುರಿದಳು, ಸುರಿಯುತ್ತಲೇ ಇದ್ದಳು. ನಾನು ಸಾಕು ಅನ್ನಲಿಲ್ಲ.