ಕುರ್ಚಿ ಕಾಲಿಗೊಂದು ಲ್ಯಾಬ್ ರಿಪೋರ್ಟು

ಒಂಬತ್ತು ಸಾವಿರ ರೂಪಾಯಿ. ರೈಲು, ಆಟೋ, ಊಟದ ಖರ್ಚು ಬೇರೆ. ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು ಏಕೆ ಮುರಿಯಿತು ಎಂದು ತಿಳಿಯಲು ನಾನು ತೆತ್ತ ಹಣ ಇದು. ಕುರ್ಚಿಯ ಬೆಲೆ ನಾನೂರು; ಅದೂ ತರೀಕೆರೆಯ ಅಂಗಡಿಯವನ ಬೆವರಿಳಿಸಿ ಆರುನೂರರಿಂದ ಇಳಿಸಿದ್ದು. ನಾಲ್ಕು ಬೊಂಬು, ಎರಡು ತಾಡಪಾಲು ಇಟ್ಟುಕೊಂಡು ಅಜ್ಜಂಪುರದಲ್ಲಿ ಶಾಮಿಯಾನದ ಅಂಗಡಿ ತೆರೆದವನು ನಾನು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಸುತ್ತಲ ಮೂರು ತಾಲ್ಲೂಕಿನಲ್ಲಿ ಇಲ್ಲ ಎಂಬ ಮಾತನ್ನು ನಾನೇ ಹಬ್ಬಿಸಿದ್ದಾದರೂ ಅದು ಸುಳ್ಳಲ್ಲ. ಅಂಥವನು ಇಷ್ಟು ದುಡ್ಡು ಸುರಿದದ್ದೇಕೆ ಎಂದರೆ, ಸಿಟ್ಟಿಗೆ. ಸಿಟ್ಟಿಗೆ ಚೌಕಾಸಿ ಬರುವುದಿಲ್ಲ.

ಸಿಂಗಟಗೆರೆಯಲ್ಲಿ ಒಂದು ನಿಶ್ಚಿತಾರ್ಥ. ಚಪ್ಪರ ನನ್ನದು, ಕುರ್ಚಿ ನನ್ನದು. ಹುಡುಗಿಯ ಸೋದರಮಾವ ಯಗಟಿಯ ರುದ್ರಪ್ಪನವರು, ಒಳ್ಳೆ ಗಟ್ಟಿ ಆಳು, ಕೂತಲ್ಲಿಂದಲೇ ತಾಂಬೂಲದ ತಟ್ಟೆಗೆ ಕೈ ಚಾಚಿದರು. ಕುರ್ಚಿಯ ಹಿಂಗಾಲು ಹಪ್ಪಳದ ಹಾಗೆ ಲಟಕ್ಕೆಂದಿತು. ಅವರು ಬಿದ್ದದ್ದಕ್ಕಿಂತ, ಹೆಂಗಸರ ಸಾಲಿನಿಂದ ಯಾರೋ "ಅಯ್ಯೋ ಪಾಪ, ಕುರ್ಚಿ!" ಎಂದದ್ದು ಅನಾಹುತಕ್ಕೆ ಕಾರಣವಾಯಿತು. ಇಡೀ ಚಪ್ಪರ ನಕ್ಕಿತು. ರುದ್ರಪ್ಪನವರು ಪಂಚೆ ಕೊಡವಿಕೊಂಡು ಎದ್ದು, "ಮದ್ವೆಗೂ ಇವ್ನ ಚಪ್ರನೇ ಆದ್ರೆ ನಾನು ಬರಲ್ಲ ಕಣ್ರೀ" ಎಂದುಬಿಟ್ಟರು. ಸೋದರಮಾವ ಕೈ ಹಿಡಿದು ಕರೆತರದೆ ಹೆಣ್ಣು ಮಂಟಪಕ್ಕೆ ಬರುವುದುಂಟೆ? ಹುಡುಗಿಯ ತಂದೆ ನನ್ನನ್ನು ಪಕ್ಕಕ್ಕೆ ಕರೆದು, "ನೋಡಪ್ಪಾ, ಭಾವನ್ನ ಒಪ್ಸೋದು ನಿನ್ ಜವಾಬ್ದಾರಿ. ಇಲ್ಲಾಂದ್ರೆ ಬೇರೆಯವ್ರಿಗೆ ಹೇಳ್ತೀನಿ" ಎಂದರು. ಆ ಮದುವೆ ಕೈತಪ್ಪಿದರೆ ಇಡೀ ಹೋಬಳಿಯಲ್ಲಿ ನನ್ನ ಹೆಸರು ಮಣ್ಣುಪಾಲು.

ನೆಟ್ಟಗೆ ತರೀಕೆರೆಗೆ ಹೋಗಿ ಅಂಗಡಿಯವನ ಮೇಜಿನ ಮೇಲೆ ಮುರಿದ ಕಾಲನ್ನು ಕುಕ್ಕಿದೆ. "ಹಳೇ ಚಪ್ಲಿ, ಒಡೆದ ಕೊಡ ಎಲ್ಲ ಕರಗ್ಸಿ ಕುರ್ಚಿ ಅಂತ ಕೊಟ್ಟಿದ್ದೀಯಲ್ಲೋ!"

ಅವನು ಕಾಲನ್ನು ತಿರುಗಿಸಿ ನೋಡಿ, "ಏನಣ್ಣಾ, ಆನೆ ಕೂರ್ಸಿದ್ರಾ? ಅಷ್ಟು ಅನುಮಾನ ಇದ್ರೆ ಬೆಂಗ್ಳೂರಲ್ಲಿ ಲ್ಯಾಬ್ ಐತೆ, ಟೆಸ್ಟ್ ಮಾಡ್ಸಿ" ಎಂದ. ಅವನು ಹೇಳಿದ್ದು ಕುಹಕಕ್ಕೆ. ನಾನು ಹೊರಟೇಬಿಟ್ಟೆ.

ಹೋಲಿಸಿ ನೋಡಲು ಅದರ ಜೊತೆಗೇ ಕೊಂಡ ಒಂದು ಒಳ್ಳೆಯ ಕುರ್ಚಿಯೂ ಬೇಕು ಎಂದು ಲ್ಯಾಬಿನವರು ಫೋನಿನಲ್ಲಿ ಹೇಳಿದ್ದರು. ಅಂಗಡಿಯೊಳಗೆ ನಾನೇ ಕೂರುವ ಕುರ್ಚಿಯನ್ನು ಎತ್ತಿಕೊಂಡೆ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಕಡೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಆಚೀಚೆ ನೋಡದೆ ನನ್ನ ಕುರ್ಚಿಯಲ್ಲಿ ಕೂತೇಬಿಟ್ಟಳು. "ಅಜ್ಜಿ, ಅದು ಸ್ಯಾಂಪಲ್ಲು!" ಎಂದೆ. "ಏನಾದ್ರೂ ಆಗ್ಲಿ ಬಿಡು ಮಗಾ, ಗಟ್ಟಿಯಾಗೈತೆ" ಎಂದು ತುಮಕೂರಿನವರೆಗೂ ಏಳಲಿಲ್ಲ. ಮುರಿದ ಕುರ್ಚಿಯನ್ನು ತಬ್ಬಿಕೊಂಡು ನಾನು ನಿಂತೇ ಹೋದೆ.

ಲ್ಯಾಬಿನ ಮೇಡಂ ಪರೀಕ್ಷೆಗಳನ್ನು ವಿವರಿಸಿದರು. ಅತಿಗೆಂಪು ಬೆಳಕು ಹಾಯಿಸಿ ಇದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಗುರುತಿಸುವುದು. ಚೂರನ್ನು ಮೆಲ್ಲಗೆ ಕಾಯಿಸಿ ಎಷ್ಟು ಶಾಖಕ್ಕೆ ಕರಗುತ್ತದೆಂದು ನೋಡುವುದು. ಕರಗಿದ್ದನ್ನು ಭಾರ ಹೇರಿ ಸಣ್ಣ ತೂತಿನಿಂದ ಇಳಿಸಿ, ಎಷ್ಟು ಬೇಗ ಹರಿಯುತ್ತದೆಂದು ಅಳೆಯುವುದು. ಪೂರ್ತಿ ಸುಟ್ಟು, ಉಳಿದ ಬೂದಿ ತೂಗಿ, ಸುಣ್ಣದ ಪುಡಿ ಎಷ್ಟು ಬೆರೆಸಿದ್ದಾರೆಂದು ಹೇಳುವುದು. ಒಂದೊಂದಕ್ಕೂ ಒಂದೊಂದು ದರ.

"ನಾಲ್ಕೂ ತಗೊಂಡ್ರೆ ಒಂದು ಫ್ರೀ ಕೊಡಿ ಮೇಡಂ."

"ಇದೇನು ಸಂತೆನಾ ಸಾರ್?"

"ಸುಡೋದಾದ್ರೂ ಬಿಡಿ. ನಮ್ಮನೇಲೇ ಒಲೆ ಇದೆ, ಬೂದಿ ನಾನೇ ತಂದ್ಕೊಡ್ತೀನಿ."

ಆಯಮ್ಮ ನಗಲೂ ಇಲ್ಲ, ಒಂದು ರೂಪಾಯಿ ಬಿಡಲೂ ಇಲ್ಲ.

ವಾರದ ಮೇಲೆ ಫೋನು ಬಂತು. "ಸಾರ್, ಮಾಲು ಚೆನ್ನಾಗೇ ಇದೆ. ಎರಡೂ ಕುರ್ಚಿ ಪಾಲಿಪ್ರೊಪಿಲೀನೇ, ಕಲಬೆರಕೆ ಇಲ್ಲ. ಆದ್ರೆ ಮುರಿದ ಕಾಲಿನದು ಕರಗಿಸಿದ್ರೆ ನೀರಿನ ಹಾಗೆ ಹರಿದುಬಿಡ್ತು. ಪಾಲಿಮರ್ ಅಂದ್ರೆ ಉದ್ದುದ್ದ ಸರಪಳಿ ಇದ್ದಂಗೆ. ಬಿಸಿಲು ಅದನ್ನ ತುಂಡುತುಂಡು ಮಾಡಿದೆ. ಕುರ್ಚಿಗಳನ್ನ ಎಲ್ಲಿಡ್ತೀರಾ?"

"ತಾರಸಿ ಮೇಲೆ. ಗೋಡೌನ್ ಬಾಡಿಗೆ ಯಾರು ಕೊಡ್ತಾರೆ?"

"ಮೇಲೊಂದು ಬಟ್ಟೆನಾದ್ರೂ ಹೊದಿಸೋಕಾಗಲ್ವಾ? ನೀವೇನು ಕೆಲಸ ಮಾಡ್ಕೊಂಡಿರೋದು ಸಾರ್?"

ಮೂರು ತಾಲ್ಲೂಕಿಗೆ ನೆರಳು ಬಾಡಿಗೆಗೆ ಕೊಡುವವನು ಎಂದು ಯಾವ ಬಾಯಲ್ಲಿ ಹೇಳಲಿ? "ಏನೋ ವ್ಯಾಪಾರ" ಎಂದು ಫೋನಿಟ್ಟೆ. ತರೀಕೆರೆಯವನ ಮೇಲಿದ್ದ ಸಿಟ್ಟನ್ನೆಲ್ಲ ಈಗ ಸೂರ್ಯನ ಮೇಲೆ ತೀರಿಸಿಕೊಳ್ಳಬೇಕಾಯಿತು. ಅವನೂ ಚೌಕಾಸಿಗೆ ಬಗ್ಗುವವನಲ್ಲ.

ಮಾಲು ಖೋಟಾ ಅಲ್ಲವೆಂದಾದರೂ ತೋರಿಸೋಣವೆಂದು ರಿಪೋರ್ಟು ಹಿಡಿದು ಯಗಟಿಗೆ ಹೋದೆ. ರುದ್ರಪ್ಪನವರು ಮುಖ ಕೊಟ್ಟು ಮಾತಾಡಲಿಲ್ಲ. ಲ್ಯಾಬು, ಬೆಳಕು, ಸರಪಳಿ ಎಲ್ಲ ಹೇಳಿ ಮುಗಿಸಿದೆ. ಆಮೇಲೆ ನಿಧಾನವಾಗಿ ಕೇಳಿದರು: "ತೂಕಕ್ಕೆ ಮುರೀತು ಅಂತ ಎಲ್ಲಾದ್ರೂ ಬರ್ದವ್ರಾ?"

"ಇಲ್ಲ, ಬಿಸಿಲಿಗೆ ಅಂತ ಬರ್ದವ್ರೆ."

"ಹಂಗಾದ್ರೆ ಅದನ್ನ ಇಲ್ಲಿ ಕೊಡು. ಚಪ್ರ ನೀನೇ ಹಾಕು."

ಮದುವೆ ದಿನ ಅವರು ಸೋದರಸೊಸೆಯನ್ನು ಮಂಟಪಕ್ಕೆ ಕರೆತಂದು ಬಿಟ್ಟು, ನನ್ನದೇ ಕುರ್ಚಿಯಲ್ಲಿ ಧೊಪ್ಪನೆ ಕೂತು, ಜೇಬಿನಿಂದ ರಿಪೋರ್ಟು ತೆಗೆದರು. ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು! ಬಂದಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು: "ನೋಡ್ರಪ್ಪಾ, ಸರ್ಕಾರಿ ಮೊಹರು ಒಂದು ಬಾಕಿ. ತಪ್ಪು ನನ್ ತೂಕದ್ದಲ್ಲ, ಇವ್ನ ಬುದ್ಧೀದು!" ನಾನೇ ದುಡ್ಡು ಕೊಟ್ಟು ಮಾಡಿಸಿದ ಕಾಗದ, ನಾನೇ ಹಾಕಿದ ನೆರಳು.

ಆದ್ದರಿಂದ ನನ್ನ ಮಾತು ಕೇಳಿ. ಪ್ಲಾಸ್ಟಿಕ್ ಕುರ್ಚಿಯನ್ನು ಬಿಸಿಲಿಗೆ ಬಿಡಬೇಡಿ. ತಾಡಪಾಲು ಬೇಕಿದ್ದರೆ ನನ್ನ ಅಂಗಡಿಗೆ ಬನ್ನಿ, ದರ ಮಾತಾಡೋಣ. ಬೀಗರು ಬರುವ ಮೊದಲು ಕುರ್ಚಿಯ ಬೆನ್ನನ್ನು ಅಂಗೈಯಿಂದ ಒಮ್ಮೆ ಉಜ್ಜಿ. ಬಿಳಿ ಪುಡಿ ಅಂಟಿದರೆ ಅದು ಬಿಸಿಲು ತಿಂದ ಕುರ್ಚಿ. ಅದರಲ್ಲಿ ಯಾರನ್ನೂ ಕೂರಿಸಬೇಡಿ, ಸೋದರಮಾವನನ್ನಂತೂ ಬೇಡವೇ ಬೇಡ. ಈ ಪರೀಕ್ಷೆಗೆ ಒಂಬತ್ತು ಸಾವಿರ ಬೇಕಿಲ್ಲ. ನನಗೆ ಬೇಕಾಯಿತು.