ತೂಕದ ಕಾರ್ಡೂ ಗಿರಿಜಕ್ಕನ ಬಟ್ಟಲೂ

ಅವತ್ತು ಬೆಳಗ್ಗೆಯೂ ಎದ್ದು, ಒಲೆ ಹಚ್ಚಿ, ಫಿಲ್ಟರಿಗೆ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಸಕ್ಕರೆಯ ಗಾಜಿನ ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ರಾತ್ರಿ ಮಲಗುವ ಮುಂಚೆ ಭರಣಿಗಂಟಿಸಿದ ಚೀಟಿಯ ಮೇಲೆ ಎಳೆದ ಪೆನ್ಸಿಲ್ ಗೆರೆಯ ಮಟ್ಟಕ್ಕೇ ಸಕ್ಕರೆಯಿತ್ತು. ಒಂದು ಹರಳೂ ಕಡಿಮೆಯಾಗಿರಲಿಲ್ಲ. ಅದರಿಂದಲೇ ನನ್ನ ಅನುಮಾನ ಹೆಚ್ಚಾಯಿತು. ಯಾರನ್ನೂ ಸಂಶಯದಿಂದ ನೋಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಆಮೇಲೆ ಒಬ್ಬೊಬ್ಬರದೇ ಟಿಫಿನ್ ಡಬ್ಬಿ ಮುಚ್ಚಳ ತೆಗೆಸಿ ಮೂಸಿ ನೋಡುತ್ತಿದ್ದರು. ನಾನು ಎರಡನೆಯದನ್ನು ಮಾತ್ರ ಚೆನ್ನಾಗಿ ಕಲಿತೆ.

ವಿಷಯವಿಷ್ಟೆ. ನಾವಾಗ ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ಮೂರನೇ ಕ್ಲಾಸಿನ ನನ್ನ ಮಗಳು ಸುಮಾ ವರ್ಷದೊಳಗೆ ಹೇಗೆ ಉಬ್ಬಿದಳೆಂದರೆ, ಶಾಲೆಯ ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದಳು. ಓಟದ ಪಂದ್ಯದಿಂದ ಅವಳ ಹೆಸರನ್ನು ತೆಗೆದುಹಾಕಿದ ದಿನ ಬಂದವಳೇ ಕ್ಯಾನ್ವಾಸ್ ಬೂಟುಗಳನ್ನು ಮಂಚದ ಕೆಳಗೆ ಮೂಲೆಗೆ ತಳ್ಳಿದಳು. ನಾನು ಗುಡಿಸುವಾಗಲೆಲ್ಲ ಆ ಬೂಟುಗಳು ಪೊರಕೆಗೆ ತಾಗುತ್ತಿದ್ದವು. ಡಾಕ್ಟರು ಎರಡೇ ಮಾತು ಹೇಳಿದ್ದರು: ಸಿಹಿ ನಿಲ್ಲಿಸಿ, ಓಡಾಡಿಸಿ.

ಸಿಹಿ ನಿಲ್ಲಿಸುವುದು ನಮ್ಮ ಅತ್ತೆಯಿರುವ ಮನೆಯಲ್ಲಿ ಸುಲಭವಲ್ಲ. "ರೇಷನ್ ಕಾರ್ಡಲ್ಲಿ ಮಗುವಿನ ತಲೆಗೂ ಸಕ್ರೆ ಬರ್ತದೆ. ಸರ್ಕಾರವೇ ಕೊಡುವಾಗ ಬೇಡ ಅನ್ನೋಕೆ ನೀನ್ಯಾರೇ?" ಎಂದರು. ಅವರ ಕೈ ಸುಮ್ಮನಿರದು. ಇವತ್ತು ಹಯಗ್ರೀವ, ನಾಳೆ ಕೊಬ್ಬರಿ ಮಿಠಾಯಿ. ತಡೆಯಲಾರದೆ ನಾನೊಂದು ಉಪಾಯ ಮಾಡಿದೆ. ಸಂಜೆ ಸುಮಾ ಶಾಲೆಯಿಂದ ಬರುತ್ತಲೇ ಉಳಿದ ಸಿಹಿಯನ್ನೆಲ್ಲ ಬಟ್ಟಲಿಗೆ ತುಂಬಿ, ಸಾಲಿನ ಕೊನೇ ಮನೆಯ ಗಿರಿಜಕ್ಕನಿಗೆ ಅವಳ ಕೈಯಲ್ಲೇ ಕಳಿಸತೊಡಗಿದೆ. ಸಿಹಿ ಮನೆಯಿಂದಾಚೆ ಹೋಯಿತು, ಮಗುವಿಗೆ ಓಡಾಟವೂ ಆಯಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ದಾರಿಯಲ್ಲಿ ತಿಂದಾಳೆಂದು ಬಟ್ಟಲಿಗೆ ಬಟ್ಟೆ ಬಿಗಿದು ಗಂಟನ್ನೂ ಹಾಕುತ್ತಿದ್ದೆ. ಗಂಟು ಹಾಗೇ ಇರುತ್ತದೆಯೇ ಎಂದು ಗಿರಿಜಕ್ಕನನ್ನು ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ, "ಅದೆಂತ ಗಂಟು ಮಾರಾಯ್ತಿ! ಬಿಚ್ಚೋಕೆ ನಂಗೇ ಹಲ್ಲು ಹಾಕ್ಬೇಕು" ಎಂದಿದ್ದರು.

ಗಿರಿಜಕ್ಕನ ಬಗ್ಗೆ ನನಗೆ ಒಂದೇ ಒಂದು ಬೇಸರವಿತ್ತು. ನಮ್ಮ ಕಡೆ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಹೂವನ್ನಾದರೂ ಹಾಕುತ್ತಾರೆ. ಇವರ ಮನೆಯಿಂದ ಬಟ್ಟಲು ಫಳಫಳ ಹೊಳೆಯುತ್ತ ಖಾಲಿಯೇ ಬರುತ್ತಿತ್ತು. ಇಷ್ಟು ತಿಂದೂ ಇಷ್ಟು ಸಣ್ಣ ಮನಸ್ಸೇ ಎಂದುಕೊಂಡು, ಬಾಯಿಬಿಟ್ಟು ಹೇಳುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ.

ಅವತ್ತು ಶಾಲೆಯಲ್ಲಿ ಆ ವರ್ಷ ಎರಡನೇ ಸಲ ಮಕ್ಕಳ ತೂಕ ನೋಡುವ ದಿನ. ಹೋಗಿ ನಿಂತೆ. ತೂಕ ಇಳಿದಿರಲಿಲ್ಲ, ಏರಿತ್ತು. ತೂಕದ ಕಾರ್ಡಿನ ಎಲ್ಲಕ್ಕಿಂತ ಮೇಲಿನ ಗೆರೆಯನ್ನೂ ದಾಟಿದ್ದರಿಂದ ನರ್ಸು ಚುಕ್ಕೆಯನ್ನು ಅಂಚಿನ ಖಾಲಿ ಜಾಗದಲ್ಲಿ ಇಟ್ಟರು. "ಈ ಕಾರ್ಡು ಸೊರಗಿದ ಮಕ್ಕಳನ್ನ ಹುಡುಕೋಕೆ ಮಾಡಿದ್ದು ಕಣ್ರೀ. ಮೇಲಕ್ಕೆ ಹೋದ್ರೆ ಎಂತ ಬರೀಬೇಕು ಅಂತ ನಮಗೂ ಹೇಳ್ಕೊಟ್ಟಿಲ್ಲ" ಎಂದು ನಕ್ಕರು. ನನ್ನ ಸಂಶಯ ತಕ್ಷಣ ಶಾಲೆಯಲ್ಲಿ ಮಧ್ಯಾಹ್ನ ಹಂಚುವ ಹಳದಿ ಉಪ್ಪಿಟ್ಟಿನ ಮೇಲೆ ಹೋಯಿತು. ಮಗಳಿಗೆ ಸ್ವಲ್ಪ ಕಡಿಮೆ ಹಾಕಬಹುದೇ ಎಂದು ಮೇಷ್ಟರನ್ನು ಕೇಳಿದೆ. "ತಲೆಗೊಂದು ಸೌಟು ಅಂತ ಆರ್ಡರಿದೆಯಮ್ಮ. ಅರ್ಧ ಸೌಟಿಗೆ ಆರ್ಡರಿಲ್ಲ" ಎಂದರು. ಸುಮಾಳ ಪಕ್ಕದಲ್ಲಿ ಕಡ್ಡಿಯಂಥ ಹುಡುಗಿಯೊಬ್ಬಳು ಕೂತಿದ್ದಳು. ಅವಳಿಗೆ ಎರಡು ಸೌಟು ಬೇಕಿತ್ತು, ಸುಮಾಳಿಗೆ ಅರ್ಧ ಸಾಕಿತ್ತು. ಇಬ್ಬರ ತಟ್ಟೆಗೂ ಒಂದೊಂದೇ ಬಿತ್ತು. ಸರ್ಕಾರದ ಸೌಟನ್ನೂ ನನ್ನ ಸಂಶಯದ ಪಟ್ಟಿಗೆ ಸೇರಿಸಿಕೊಂಡು ಮನೆಗೆ ಬಂದೆ.

ಸಂಜೆ ಸುಮಾ ಎಂದಿನಂತೆ ಬಟ್ಟಲು ಕೊಟ್ಟು ಬಂದಳು. ಅವಳ ಜೇಬು ತಡಕಿದೆ, ಕೈ ಮೂಸಿದೆ, ಗೋಡೆಗೆ ನಿಲ್ಲಿಸಿ ವಿಚಾರಣೆ ಮಾಡಿದೆ. "ನೀನು ಕೊಟ್ಟಿದ್ದು ಮುಟ್ಟಿಲ್ಲಮ್ಮ, ದೇವರಾಣೆ" ಎಂದಳು. ಅಷ್ಟು ಖಚಿತವಾಗಿ ಹೇಳಿದವಳನ್ನು ಏನೆಂದು ಬೈಯಲಿ? ಕೊನೆಗೆ ಅತ್ತೆಯ ಮೇಲೇ ಕಣ್ಣಿಟ್ಟು ಕೂತಿದ್ದಾಗ ಗಿರಿಜಕ್ಕ ಹೆಪ್ಪಿಗೆ ಚೂರು ಮೊಸರು ಕೇಳಿಕೊಂಡು ಬಂದರು. ಲೋಟಕ್ಕೆ ಮೊಸರು ಹಾಕಿಸಿಕೊಂಡು ಹೊಸಿಲು ದಾಟಿದವರು ಏನೋ ನೆನಪಾಗಿ ತಿರುಗಿದರು.

"ಅಲ್ಲ ಮಾರಾಯ್ತಿ, ಬಟ್ಟಲು ಖಾಲಿ ಕಳಿಸ್ಬಾರ್ದು ಅಂತ ದಿನಾ ಒಂದೊಂದು ಅಚ್ಚು ಬೆಲ್ಲ ಹಾಕ್ತಿದ್ದೆ ನೋಡು, ಇವತ್ತಿಗೆ ನಮ್ಮನೇಲಿ ಬೆಲ್ಲ ಮುಗೀತು. ನಾಳೆಯಿಂದ ಸಕ್ರೆ ಹಾಕ್ತೀನಿ, ಬೇಜಾರು ಮಾಡ್ಕೋಬೇಡ. ಯಾವ್ದಾದ್ರೂ ಅಡ್ಡಿಲ್ಲ ಅಂತ ಸುಮಾ ಹೇಳ್ತು."