ಶ್ಲಾಕೆ ತಂಡದ ಹಳೇ ಸದ್ದು

ಭಾನುವಾರ ಬೆಳಗ್ಗೆ ವಿನ್‌ಫ್ರೀಡ್ ಕಟ್ಟಡದ ನೆಲಮಾಳಿಗೆಯಲ್ಲಿ ಕಬ್ಬಿಣದ ಪೀಪಾಯಿಗೆ ಒಂದೇ ಒಂದು ಏಟು ಹಾಕಿದ. ಸದ್ದು ಅಡಗುವ ಮೊದಲೇ ಎರಡನೇ ಮಹಡಿಯ ಯಜಮಾನಿ ಫ್ರೌ ಗ್ರಾಬೊವ್ಸ್ಕಿ ಬಾಗಿಲಲ್ಲಿದ್ದರು.

"ಭಾನುವಾರ ಕಣಪ್ಪ ಇವತ್ತು, ಸದ್ದು ಮಾಡೋ ಹಾಗಿಲ್ಲ. ಗೋಡೆಗೊಂದು ಮೊಳೆ ಹೊಡೆಯೋಕೂ ನಾನು ನಾಳೆವರೆಗೆ ಕಾಯ್ತೀನಿ. ನಿಂಗೇನು ಬಂದಿರೋದು ಅವಸರ?"

ಅವಸರ ಬಂದಿತ್ತು. ಸಂಜೆ ಕಾಫಿಗೆ ಎಕೆಹಾರ್ಡ್ ಬರುವವನಿದ್ದ. ‘ಶ್ಲಾಕೆ’ ಸಂಗೀತ ತಂಡದ ಹಾಡುಗಾರ, ಯಜಮಾನ. ಮೂವತ್ತು ವರ್ಷದ ಹಿಂದೆ ಗೆಲ್ಸೆನ್‌ಕಿರ್ಖೆನ್ ಊರಿನ ಮುಚ್ಚಿದ ಉಕ್ಕಿನ ಕಾರ್ಖಾನೆಯೊಂದಕ್ಕೆ ನುಗ್ಗಿ, ಪೀಪಾಯಿ, ಸರಪಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ಹುಟ್ಟಿದ ತಂಡ ಅದು. ಬಡಿಯುವವನು ವಿನ್‌ಫ್ರೀಡ್. ಆಮೇಲೆ ಗಿಟಾರು ಬಂತು, ಪೀಪಾಯಿ ವೇದಿಕೆಯ ಮೂಲೆ ಸೇರಿತು. ಹೆಸರು ಬಂದಮೇಲೆ ವೇದಿಕೆಯಲ್ಲಿ ಬೆಂಕಿ ಉಗುಳುವುದು ಶುರುವಾಯಿತು; ಕಾದ ಪೀಪಾಯಿ ಮುಟ್ಟಿ ಮುಟ್ಟಿ ವಿನ್‌ಫ್ರೀಡ್ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಊರೂರು ತಿರುಗಿದ. ಕಳೆದ ಆಲ್ಬಮ್ಮಿಗೆ ಪಿಟೀಲು, ಚರ್ಚಿನ ಗಾಯಕ ವೃಂದ ಎಲ್ಲ ಬಂದು, ಅವನ ಪಾಲಿಗೆ ಉಳಿದದ್ದು ಅಂಗೈಯಗಲದ ಗಂಟೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹಾಕಲು ಲಾಯಕ್ಕು ಎಂದು ಅಭಿಮಾನಿಗಳು ಉಗಿದಿದ್ದರು. ಹಾಗಾಗಿ ಈಗ ಎಕೆಹಾರ್ಡನಿಗೆ ಹಳೇ ಸದ್ದೇ ಬೇಕು.

"ಭಾನುವಾರ ಕೇಳಿಸು," ಎಂದಿದ್ದ. "ಇಲ್ಲಾಂದ್ರೆ ನಿನ್ನ ಜಾಗಕ್ಕೆ ಲ್ಯಾಪ್‌ಟಾಪ್ ಇದೆ. ಅದು ಹೋಟೆಲ್ ರೂಮೂ ಕೇಳಲ್ಲ."

ತಾಲೀಮಿನ ಶೆಡ್ಡು ಯೋಗ ಕೇಂದ್ರವಾಗಿ ವರ್ಷಗಳಾಗಿದ್ದವು. ವಿನ್‌ಫ್ರೀಡ್ ಸುತ್ತಿಗೆಗೆ ಕಾಲುಚೀಲ ತೊಡಿಸಿ ಬಡಿದ, ದಿಂಬು ಕೊಡವಿದಂತಾಯಿತು. ಪೀಪಾಯಿಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಪಾರ್ಕಿಗೆ ಹೋದ. ನಾಯಿ ತಿರುಗಾಡಿಸುತ್ತಿದ್ದ ಕೆಳಮನೆಯ ಹೆರ್ ಬುಡ್ಡೆ ಬೆನ್ನಿಗೆ ಬಿದ್ದು, ಕೆರೆಯ ಬಾತುಕೋಳಿಗಳಿಗೂ ಭಾನುವಾರ ಇರುತ್ತದೆ ಎಂದು ಮನೆಯವರೆಗೂ ಉಪದೇಶ ಮಾಡಿಕೊಂಡು ಬಂದರು.

ಸಂಜೆಯಾಯಿತು. ಆದದ್ದಾಗಲಿ ಎಂದು ವಿನ್‌ಫ್ರೀಡ್ ನೆಲಮಾಳಿಗೆಯಲ್ಲಿ ರೆಕಾರ್ಡಿಗೆ ಮೈಕು ಹಚ್ಚಿ, ಹಲ್ಲುಕಚ್ಚಿ ಒಂದು ಏಟು ಹಾಕಿದ.

ಎರಡನೇ ಸಲವೂ ಇಳಿದು ಬಂದು ಹೇಳುವುದು ಆ ಕಟ್ಟಡದಲ್ಲಿ ಮರ್ಯಾದೆಯಲ್ಲ. ಮನೆಮನೆಗೂ ಹಾದುಹೋಗುವ ಹೀಟರಿನ ಕೊಳವೆ ಬಡಿಯುವುದು ರೂಢಿ. ಫ್ರೌ ಗ್ರಾಬೊವ್ಸ್ಕಿ ಸೌಟಿನಲ್ಲಿ ಬಡಿದರು. ಅವರ ಬಡಿತವೇ ಗದ್ದಲವೆಂದು ಬುಡ್ಡೆ ಸ್ಪ್ಯಾನರಿನಲ್ಲಿ ಬಡಿದರು. ಇಬ್ಬರ ಮೇಲೂ ಸಿಟ್ಟಾಗಿ ಉಳಿದ ಮಹಡಿಗಳು ಬಾಣಲೆ ಎತ್ತಿಕೊಂಡವು. ಕೊಳವೆಗಳೆಲ್ಲ ಬಂದು ಸೇರುವ ನೆಲಮಾಳಿಗೆ ಉಕ್ಕಿನ ಕಾರ್ಖಾನೆಯಂತೆ ಗುಡುಗಿತು.

ಕೇಕಿನ ಡಬ್ಬಿ ಹಿಡಿದು ಬಂದ ಎಕೆಹಾರ್ಡನ ಕಣ್ಣಲ್ಲಿ ನೀರು. "ಇದೇ ಕಣೋ ವಿನ್ನಿ. ಇದೇ ನಮ್ಮ ಸದ್ದು. ಹೆಂಗೆ ಮಾಡ್ದೆ?"

ನಾನೇ ಎನ್ನಲು ವಿನ್‌ಫ್ರೀಡ್ ಬಾಯಿ ತೆರೆಯುವಷ್ಟರಲ್ಲಿ ಸೌಟು, ಸ್ಪ್ಯಾನರುಗಳು ಮೆಟ್ಟಿಲಿಳಿದು ಬಂದವು. ಎಕೆಹಾರ್ಡನಿಗೆ ಎಲ್ಲ ಅರ್ಥವಾಯಿತು. ಇನ್ನೊಮ್ಮೆ ಬಡಿಯಿರೆಂದು ಅವರನ್ನು ಕೇಳಿಕೊಂಡ. ದೊಡ್ಡ ಮನುಷ್ಯನೆದುರು ನಾಚಿದ ಅವರು, ಒಳಗೆ ಯಾರೋ ಇರುವ ಕಕ್ಕಸಿನ ಬಾಗಿಲು ತಟ್ಟಿದಂತೆ ಕೊಳವೆಗಳನ್ನು ಮೆಲ್ಲಗೆ ತಟ್ಟಿದರು.

"ಕೋಪ ಸಾಲ್ದು," ಎಂದು ಎಕೆಹಾರ್ಡ್ ವಿನ್‌ಫ್ರೀಡನಿಗೆ ಕಣ್ಸನ್ನೆ ಮಾಡಿದ. ವಿನ್‌ಫ್ರೀಡ್ ಪೀಪಾಯಿಗೆ ಒಂದು ಕೊಟ್ಟ. ತಕ್ಷಣ ಕಟ್ಟಡ ಮತ್ತೆ ಗುಡುಗಿತು.

ವಿನ್‌ಫ್ರೀಡನ ಜೀವಕ್ಕೆ ನೆಮ್ಮದಿಯಾಯಿತು. ತಾನಿಲ್ಲದೆ ಇವರಿಗೆ ಕೋಪವಿಲ್ಲ, ಕೋಪವಿಲ್ಲದೆ ಸದ್ದಿಲ್ಲ. ಎಕೆಹಾರ್ಡ್ ಕೇಕು ಕತ್ತರಿಸಿ ಎಲ್ಲರಿಗೂ ಹಂಚಿ, ತಂಡದ ಮೇ ತಿಂಗಳ ಕಾರ್ಯಕ್ರಮಗಳ ಪ್ರವಾಸಕ್ಕೆ ಬಂದು ಬಡಿಯಲು ಆ ನೆರೆಯವರೆಲ್ಲರನ್ನೂ ಅಲ್ಲೇ ಒಪ್ಪಿಸಿದ.

"ನಾನು ಏಟು ಹಾಕೋಕೆ ಎಲ್ಲಿ ನಿಲ್ಲಲಿ?" ಎಂದ ವಿನ್‌ಫ್ರೀಡ್.

"ಒಂದು ಏಟು ತಾನೆ? ಮೈಕಲ್ಲಿ ಹಿಡಿದಿದೀಯಲ್ಲ. ಲ್ಯಾಪ್‌ಟಾಪ್ ಹಾಕುತ್ತೆ ಬಿಡು."

ಹೊರಡುವಾಗ ಫ್ರೌ ಗ್ರಾಬೊವ್ಸ್ಕಿ ಮೇ ತಿಂಗಳಲ್ಲಿ ಹೂಕುಂಡಗಳಿಗೆ ನೀರು ಹಾಕಲು ಹೇಳಿ, ತಮ್ಮ ಮನೆಯ ಇನ್ನೊಂದು ಕೀಲಿಯನ್ನು ಅವನ ಕೈಗಿಟ್ಟರು. ಮೆಟ್ಟಿಲ ಬಳಿ ನಿಂತು ತಿರುಗಿದರು.

"ಕಟ್ಟಡ ಖಾಲಿ ಅಂತ ಭಾನುವಾರ ಶುರು ಹಚ್ಕೋಬೇಡ. ಎದುರು ಕಟ್ಟಡದವ್ರಿಗೆ ಹೇಳಿ ಹೋಗಿರ್ತೀನಿ."